ನಮ್ಮ ಮನೆಯಲ್ಲಿ ನಡೆದದ್ದು, ಪುಸ್ತಕದಲ್ಲಿ ನಡೆದದ್ದು

ಅಪ್ಪನಿಗೆ ಸ್ಟ್ರೋಕ್ ಆದಾಗ ನನ್ನ ತಲೆಯಲ್ಲಿ ಕಾದಂಬರಿಯ ಯೋಚನೆಯೇ ಇರಲಿಲ್ಲ. ಅದುವರೆಗೆ ಒಂದಷ್ಟು ಸಣ್ಣ ಕಥೆ ಬರೆದಿದ್ದೆ, ಅಷ್ಟೆ. ಅವರ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ಬಲಗೈ, ಬಲಗಾಲು ಸೋತವು. ಜೊತೆಗೆ ಮಾತೂ ಹೋಯಿತು. ವೈದ್ಯರು ಇದಕ್ಕೆ ಅಫೇಸಿಯಾ ಎಂದರು. ನಾಲಿಗೆ ಹೊರಳದೆ ಮಾತು ತೊದಲುವುದು ಬೇರೆ, ಇದು ಬೇರೆ. ಇಲ್ಲಿ ಹೇಳಬೇಕಾದದ್ದು ಮನಸ್ಸಿನಲ್ಲಿ ಇರುತ್ತದೆ, ಅದಕ್ಕೆ ಪದ ಸಿಗುವುದಿಲ್ಲ.

ಆ ಕಾಯಿಲೆ ಮತ್ತು ಅದರ ನಂತರದ ವರ್ಷಗಳಿಂದಲೇ ನನ್ನ ಮೊದಲ ಕಾದಂಬರಿ ಹುಟ್ಟಿತು. ಆದರೆ ಪುಸ್ತಕದಲ್ಲಿ ಅಪ್ಪ ಇಲ್ಲ. ನಾನೂ ಇಲ್ಲ. ಅಲ್ಲಿರುವುದು ನಕ್ಷೆ ಬಿಡಿಸುವ ಕೆಲಸದಿಂದ ನಿವೃತ್ತಳಾದ ಒಬ್ಬ ಹೆಂಗಸು ಮತ್ತು ಅವಳನ್ನು ನೋಡಿಕೊಳ್ಳಲು ಸಂಬಳಕ್ಕೆ ಬಂದ ಒಬ್ಬ ಹುಡುಗಿ. ಹಾಗಿದ್ದೂ ಅದರಷ್ಟು ನನ್ನದೇ ಆದ ಬರವಣಿಗೆ ಬೇರೆ ಯಾವುದೂ ಇಲ್ಲ. ನಮ್ಮ ಮನೆಯಿಂದ ಆ ಮನೆಗೆ ಕಥೆ ಹೇಗೆ ಹೋಯಿತು ಅನ್ನುವುದನ್ನು ನೆನಪಿರುವಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆಯ ದಿನಗಳಲ್ಲಿ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಸಾಹಿತ್ಯಕ್ಕಾಗಿ ಅಲ್ಲ. ಯಾವ ಮಾತ್ರೆ ಯಾವಾಗ, ರಕ್ತದೊತ್ತಡ ಎಷ್ಟು, ನಿದ್ದೆ ಬಂತೋ ಇಲ್ಲವೋ ಅನ್ನುವ ಲೆಕ್ಕಕ್ಕೆ. ಆಗಾಗ ಅಂಚಿನಲ್ಲಿ ಬೇರೇನಾದರೂ ಗೀಚುತ್ತಿದ್ದೆ. ‘ಟವೆಲ್ ತೋರಿಸಿ ಕನ್ನಡಕ ಕೇಳಿದರು.’ ‘ನನ್ನ ಹೆಸರಿಗೆ ಬದಲಾಗಿ ಚಿಕ್ಕಪ್ಪನ ಹೆಸರು.’ ‘ಇವತ್ತು ಬೈದರು, ಸ್ಪಷ್ಟವಾಗಿ.’ ಬೈಗುಳ ಮಾತ್ರ ಸ್ಪಷ್ಟವಾಗಿ ಬರುವುದು ನಮಗೆ ವಿಚಿತ್ರವಾಗಿತ್ತು. ಅದು ಮಾಮೂಲು ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದರು. ಬೈಗುಳ, ಎಣಿಕೆ, ವಾರದ ಹೆಸರು, ಬಾಯಿಪಾಠವಾದ ಹಾಡು, ಇವೆಲ್ಲ ಯೋಚಿಸದೇ ಬರುವ ಮಾತುಗಳು. ಹೊಸದಾಗಿ ವಾಕ್ಯ ಕಟ್ಟಲು ಆಗದವರಿಗೂ ಎಷ್ಟೋ ಸಲ ಇವು ಉಳಿದಿರುತ್ತವಂತೆ.

ಅಪ್ಪನಿಗೆ ಎಣಿಕೆ ಉಳಿದಿತ್ತು. ‘ಐದು’ ಎಂದು ನೇರವಾಗಿ ಹೇಳಲು ಆಗುತ್ತಿರಲಿಲ್ಲ. ಆದರೆ ಒಂದರಿಂದ ಶುರು ಮಾಡಿದರೆ ಸರಾಗವಾಗಿ ಐದಕ್ಕೆ ಬರುತ್ತಿದ್ದರು. ಹಾಗಾಗಿ ಐದು ಗಂಟೆಗೆ ಏಳಿಸು ಅನ್ನಬೇಕಾದರೆ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಎಣಿಸಿ, ಐದಕ್ಕೆ ಬಂದಾಗ ಎಡಗೈಯಿಂದ ಮಂಚ ತಟ್ಟಿ ನಿಲ್ಲಿಸುತ್ತಿದ್ದರು. ಕೆಲವು ಸಲ ನಿಲ್ಲಿಸಲು ಆಗದೆ ಎಣಿಕೆ ಮುಂದೆ ಓಡಿಹೋಗುತ್ತಿತ್ತು. ಆಗ ಮತ್ತೆ ಒಂದರಿಂದ. ನಾನು ಬಾಗಿಲ ಬಳಿ ನಿಂತು ಕಾಯುತ್ತಿದ್ದೆ. ಆ ಕಾಯುವಿಕೆಯಲ್ಲಿ ನನಗೆ ಆಗುತ್ತಿದ್ದದ್ದು ದುಃಖ ಅಲ್ಲ. ಕಿರಿಕಿರಿ. ಬೇಗ ಹೇಳಿ ಮುಗಿಸಬಾರದಾ ಅನ್ನುವಂಥ ಕಿರಿಕಿರಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕಾದಂಬರಿಗೆ ನಿಜವಾಗಿ ಸಿಕ್ಕಿದ್ದು ಇವೆರಡೇ. ಎಣಿಕೆ ಮತ್ತು ಕಿರಿಕಿರಿ.

ಅಪ್ಪ ತೀರಿಕೊಂಡ ಮೇಲೆ ಬಹಳ ದಿನ ಏನೂ ಬರೆಯಲಿಲ್ಲ. ಆಮೇಲೆ ಶುರು ಮಾಡಿದ ಮೊದಲ ಕರಡು ‘ನಾನು’ ಅನ್ನುವ ದನಿಯಲ್ಲಿತ್ತು. ನಡೆದದ್ದು ನಡೆದ ಹಾಗೆ, ನಡೆದ ಕ್ರಮದಲ್ಲಿ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಓದಿದರೆ ಯಾವ ವಾಕ್ಯವೂ ಸುಳ್ಳಲ್ಲ. ಆದರೆ ಪುಟ ತಿರುಗಿಸಲು ಕಾರಣವೇ ಇಲ್ಲ. ಬದುಕಿನಲ್ಲಿ ಒಂದು ಘಟನೆ ಆದ ಮೇಲೆ ಇನ್ನೊಂದು ಆಗುತ್ತದೆ, ಅಷ್ಟೆ. ಕಥೆಯಲ್ಲಿ ಒಂದು ಆದದ್ದರಿಂದ ಇನ್ನೊಂದು ಆಗಬೇಕು. ನಮ್ಮ ಮನೆಗೆ ಬಂದು ಹೋದ ವೈದ್ಯರು, ನರ್ಸ್‌ಗಳು, ನೆಂಟರು ಎಲ್ಲರೂ ಕರಡಿನಲ್ಲಿ ಇದ್ದರು. ಯಾಕೆ ಇದ್ದಾರೆ ಅಂದರೆ ನಿಜವಾಗಿ ಬಂದಿದ್ದರು ಅನ್ನುವುದೊಂದೇ ಉತ್ತರ. ಓದುಗನಿಗೆ ಅದು ಉತ್ತರವೇ ಅಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಕರಡಿನ ‘ನಾನು’ ತುಂಬ ಒಳ್ಳೆಯವನು. ಸಹನೆಯವನು. ರಾತ್ರಿ ಎದ್ದು ಹೊದಿಕೆ ಸರಿಮಾಡುವವನು. ಹೊದಿಕೆ ಸರಿಮಾಡಿದ್ದು ನಿಜವೇ. ಆದರೆ ಬಾಗಿಲ ಬಳಿ ನಿಂತು ಹಲ್ಲು ಕಚ್ಚಿದವನು ಎಲ್ಲಿ? ಅವನನ್ನು ‘ನಾನು’ ಎಂದು ಬರೆಯಲು ಕೂತರೆ ಪೆನ್ನು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿತ್ತು. ಒಂದು ಸಾಲು ಕಿರಿಕಿರಿ ಬರೆದರೆ ಅದರ ಬೆನ್ನಿಗೇ ಎರಡು ಸಾಲು ಪಶ್ಚಾತ್ತಾಪ. ಇಂಥ ಪಶ್ಚಾತ್ತಾಪ ಓದುಗನಿಗಾಗಿ ಬರೆದದ್ದಲ್ಲ, ನನ್ನನ್ನು ನಾನು ಬಚಾವು ಮಾಡಿಕೊಳ್ಳಲು ಬರೆದದ್ದು.

ಆ ಹೊತ್ತಿನಲ್ಲಿ ನನಗೆ ದಾರಿ ತೋರಿಸಿದ್ದು ಎಸ್. ಎಲ್. ಭೈರಪ್ಪನವರ ‘ಗೃಹಭಂಗ’. 1970ರ ಕಾದಂಬರಿ. ಭೈರಪ್ಪನವರು ಚಿಕ್ಕಂದಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಿಂದ ಕಳೆದುಕೊಂಡವರು. ಅದೇ ಬದುಕನ್ನು ಮುಂದೆ ‘ಭಿತ್ತಿ’ ಅನ್ನುವ ಆತ್ಮಕಥೆಯಲ್ಲಿ ನೇರವಾಗಿಯೂ ಬರೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದಾಗ ಒಂದು ವಿಷಯ ಎದ್ದು ಕಂಡಿತು. ಆತ್ಮಕಥೆಯಲ್ಲಿ ನಡುವೆ ನಿಂತಿರುವುದು ಬರೆಯುತ್ತಿರುವವರೇ. ಕಾದಂಬರಿಯಲ್ಲಿ ನಡುವೆ ಇರುವುದು ತಾಯಿ ನಂಜಮ್ಮ. ಹುಡುಗ ವಿಶ್ವ ಅಂಚಿನಲ್ಲಿ ಓಡಾಡುವ ಮಕ್ಕಳಲ್ಲಿ ಒಬ್ಬ. ಅವನಿಗೆ ಏನು ಅನ್ನಿಸಿತು ಅನ್ನುವುದರ ಮೇಲೆ ಕಥೆ ನಿಂತಿಲ್ಲ. ತನ್ನ ನೋವನ್ನೇ ಬರೆಯುತ್ತಿರುವಾಗ ತಾನು ಜಾಗ ಖಾಲಿ ಮಾಡುವುದು ಸುಲಭದ ಮಾತಲ್ಲ.

ನಾನೂ ಜಾಗ ಖಾಲಿ ಮಾಡಿದೆ. ಮಗನನ್ನು ತೆಗೆದುಹಾಕಿದೆ. ಅಪ್ಪನನ್ನು ಹೆಂಗಸು ಮಾಡಿದೆ. ಅವಳನ್ನು ನೋಡಿಕೊಳ್ಳಲು ಹೊರಗಿನ ಹುಡುಗಿಯನ್ನು ತಂದೆ. ಬಾಗಿಲ ಬಳಿ ನಿಲ್ಲುವ ಕೆಲಸ ಈಗ ಆ ಹುಡುಗಿಯದು. ನನ್ನ ಕಿರಿಕಿರಿಯನ್ನು ಅವಳಿಗೆ ಕೊಟ್ಟ ದಿನ ಒಂದು ಇಡೀ ಅಧ್ಯಾಯ ಬಂತು. ಅವಳಿಗೆ ಪಶ್ಚಾತ್ತಾಪ ಪಡಬೇಕಾದ ಋಣ ಇಲ್ಲ. ಸಂಬಳಕ್ಕೆ ಬಂದವಳು, ನಿದ್ದೆ ಇಲ್ಲ, ಮುದುಕಿ ಮತ್ತೆ ಒಂದರಿಂದ ಎಣಿಸುತ್ತಿದ್ದಾಳೆ. ಅವಳು ಮನಸ್ಸಿನಲ್ಲೇ ಬೈಯುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಬಾಯಿಬಿಟ್ಟೇ ಬೈಯುತ್ತಾಳೆ. ಬೈಗುಳ ಕೇಳಿ ಮುದುಕಿಯೂ ತಿರುಗಿ ಬೈಯುತ್ತಾಳೆ, ಸ್ಪಷ್ಟವಾಗಿ. ಇಬ್ಬರ ನಡುವೆ ಮೊದಲ ಸಲ ನಡೆಯುವ ಮಾತುಕತೆ ಅದೇ. ನಮ್ಮ ಮನೆಯಲ್ಲಿ ಹೀಗೆ ನಡೆದಿರಲಿಲ್ಲ. ನಾನು ಬೈದಿರಲಿಲ್ಲ. ಆದರೆ ಅಂಚಿನಲ್ಲಿ ಗೀಚಿದ್ದ ಆ ಒಂದು ಸಾಲು ಇಲ್ಲದಿದ್ದರೆ ಈ ದೃಶ್ಯ ನನಗೆ ಹೊಳೆಯುತ್ತಲೇ ಇರಲಿಲ್ಲ.

ಪಾತ್ರದ ಕೆಲಸ ಯಾವುದು ಅನ್ನುವುದಕ್ಕೆ ಹೆಚ್ಚು ಒದ್ದಾಡಿದೆ. ಅಪ್ಪ ಮಾತಿನ ಮಲ್ಲ. ಮನೆಗೆ ಬಂದವರನ್ನು ಬಾಗಿಲಲ್ಲೇ ಹಿಡಿದು ಮಾತಾಡಿಸುವವರು. ಅಂಥವರ ಮಾತು ಹೋಯಿತು ಅನ್ನುವುದೇ ನಮಗೆ ದೊಡ್ಡ ಪೆಟ್ಟು. ಹಾಗಾಗಿ ಮೊದಲು ಪಾತ್ರವನ್ನು ರೇಡಿಯೋ ಉದ್ಘೋಷಕಿ ಮಾಡಿದೆ. ದನಿಯೇ ಬದುಕಾದವಳ ದನಿ ಹೋಗುವುದು! ಕೇಳಲು ಚೆನ್ನಾಗಿದೆ. ಬರೆದಾಗ ಮಾತ್ರ ಲೇಖಕನ ಕೈ ಎದ್ದು ಕಾಣುತ್ತಿತ್ತು. ಬದುಕು ಇಷ್ಟು ಅಚ್ಚುಕಟ್ಟಾಗಿ ಪೆಟ್ಟು ಕೊಟ್ಟಾಗಲೂ ಕಾದಂಬರಿಯಲ್ಲಿ ಅದನ್ನೇ ಇಟ್ಟರೆ ಯಾರೂ ನಂಬುವುದಿಲ್ಲ. ಕಾಕತಾಳೀಯಕ್ಕೆ ಬದುಕಿನಲ್ಲಿ ಸಿಗುವ ರಿಯಾಯಿತಿ ಕಥೆಯಲ್ಲಿ ಸಿಗಲ್ಲ.

ಹಾಗಾಗಿ ತಿರುಗಿಸಿ ಹಾಕಿದೆ. ಮೊದಲಿನಿಂದಲೂ ಮಾತು ಕಡಿಮೆ ಇರುವ ಹೆಂಗಸು. ಸರ್ವೆ ಕಚೇರಿಯಲ್ಲಿ ಕೂತು ವರ್ಷಗಟ್ಟಲೆ ನಕ್ಷೆ ಬಿಡಿಸಿದವಳು. ಅವಳಿಗೆ ಮಾತು ಹೋದದ್ದು ಮನೆಯವರಿಗೆ ಅರ್ಧ ದಿನ ಗೊತ್ತೇ ಆಗುವುದಿಲ್ಲ. ಕೈ ಸೋತಿದ್ದು ಕಂಡಾಗಲೇ ಆಸ್ಪತ್ರೆಗೆ ಓಡುವುದು. ಹೀಗೆ ಬದಲಿಸಿದ ತಕ್ಷಣ ಉಳಿದ ಪಾತ್ರಗಳೆಲ್ಲ ಜಾಗ ಬದಲಿಸಿದವು. ಅವಳ ಮಾತನ್ನು ಮೊದಲಾದರೂ ಯಾರು ಕೇಳುತ್ತಿದ್ದರು ಅನ್ನುವ ಪ್ರಶ್ನೆ ಅಣ್ಣನಿಗೆ, ಅತ್ತಿಗೆಗೆ, ಪಕ್ಕದ ಮನೆಯವರಿಗೆ ಎಲ್ಲರಿಗೂ ಅಂಟಿಕೊಂಡಿತು. ಅಪ್ಪನ ಕಥೆಯಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಅವರ ಮಾತು ಕೇಳದೆ ತಪ್ಪಿಸಿಕೊಳ್ಳಲು ಯಾರಿಗೂ ಆಗುತ್ತಿರಲಿಲ್ಲವಲ್ಲ!

ನಕ್ಷೆಯ ಕೆಲಸ ನನಗೆ ಗೊತ್ತಿಲ್ಲದ ಲೋಕ. ಕಂಪ್ಯೂಟರ್ ಬರುವ ಮುಂಚೆ ಆ ಕೆಲಸ ಮಾಡಿದವರನ್ನು ಹುಡುಕಿ ಮಾತಾಡಿಸಿದೆ. ಟ್ರೇಸಿಂಗ್ ಬಟ್ಟೆ, ಕಪ್ಪು ಇಂಡಿಯನ್ ಇಂಕ್, ಗೆರೆಯ ದಪ್ಪ ತಿರುಪಿನಿಂದ ಹೊಂದಿಸುವ ರೂಲಿಂಗ್ ಪೆನ್. ತಪ್ಪಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಸಮಾನ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು ಒಂದನ್ನೊಂದು ಕತ್ತರಿಸುವ ಹಾಗೆ ಬಂದರೆ ಎಲ್ಲೋ ತಪ್ಪಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದಂತೆ. ಇಷ್ಟೆಲ್ಲ ಕೇಳಿಸಿಕೊಂಡು ಬಂದು ಬರೆದರೂ ಮೊದಲ ಸಲ ಅದು ಎರವಲು ತಂದ ಬಟ್ಟೆಯ ಹಾಗೆ ಕಂಡಿತು. ನನ್ನ ಅನುಭವ ಅದರೊಳಗೆ ಹೋದದ್ದು ಆಸ್ಪತ್ರೆಯ ದಿನಗಳ ಒಂದು ಮಾತಿನಿಂದ.

ನೋಡಲು ಬಂದವರೆಲ್ಲ ಅಪ್ಪನಿಗೆ ಒಂದೇ ಮಾತು ಹೇಳುತ್ತಿದ್ದರು: ‘ಮಾತು ಬರದಿದ್ರೆ ಏನಂತೆ, ಬರೆದು ತೋರ್ಸಿ.’ ಕಾಗದ, ಪೆನ್ನು ಮುಂದಿಡುತ್ತಿದ್ದರು. ಅಫೇಸಿಯಾದಲ್ಲಿ ಸಾಮಾನ್ಯವಾಗಿ ಮಾತಿನ ಜೊತೆ ಬರವಣಿಗೆಯೂ ಪೆಟ್ಟು ತಿನ್ನುತ್ತದೆ. ಪದವೇ ಸಿಗದವರು ಬರೆಯುವುದು ಏನನ್ನು? ಅಪ್ಪ ಪೆನ್ನು ಹಿಡಿದು ಕಾಗದವನ್ನು ನೋಡುತ್ತಾ ಕೂರುತ್ತಿದ್ದರು. ಬಂದವರು ನಮ್ಮ ಕಡೆ ತಿರುಗಿ, ‘ಬುದ್ಧೀನೂ ಹೋಗಿದೆಯಾ?’ ಎಂದು ಪಿಸುಗುಟ್ಟುತ್ತಿದ್ದರು. ಬುದ್ಧಿ ಇತ್ತು. ಆ ಪಿಸುಮಾತು ಅವರಿಗೆ ಅರ್ಥವಾಗುತ್ತಿತ್ತು ಕೂಡ.

ಕಾದಂಬರಿಯಲ್ಲಿ ಆ ಹೆಂಗಸಿನ ಮುಂದೆಯೂ ಕಾಗದ ಬರುತ್ತದೆ. ಅಕ್ಷರ ಬರುವುದಿಲ್ಲ. ಆದರೆ ಅವಳು ಎಡಗೈಯಲ್ಲಿ ಗೆರೆ ಎಳೆಯುತ್ತಾಳೆ. ಮನೆಯ ನಕ್ಷೆ. ಕೋಣೆ, ಬಾಗಿಲು, ತನ್ನ ಮಂಚ. ಮಂಚ ಈಗ ಎಲ್ಲಿದೆಯೋ ಅಲ್ಲಿ ಅಲ್ಲ, ಕಿಟಕಿಯ ಕೆಳಗೆ. ಅಂದರೆ ಅಲ್ಲಿಗೆ ಸರಿಸಿ ಎಂದು. ಇದು ಸಾಧ್ಯವಾ ಎಂದು ಸ್ಪೀಚ್ ಥೆರಪಿಸ್ಟ್‌ರನ್ನು ಕೇಳಿದೆ. ಚಿತ್ರ ಬಿಡಿಸಿ ತಿಳಿಸುವುದನ್ನು ಥೆರಪಿಯಲ್ಲೂ ಬಳಸುತ್ತಾರೆ, ಕೆಲವರಿಗೆ ಬರುತ್ತದೆ, ಆದರೆ ನೀವು ಬರೆದಷ್ಟು ನೀಟಾಗಿ ಅಲ್ಲ ಎಂದರು. ಗೆರೆಗಳನ್ನು ಸೊಟ್ಟ ಮಾಡಿದೆ. ಒಂದು ಕೋಣೆಯನ್ನು ಬಿಟ್ಟುಬಿಟ್ಟೆ. ಆ ಬಿಟ್ಟುಹೋದ ಕೋಣೆ ಯಾವುದು, ಮರೆತು ಬಿಟ್ಟಳೋ ಬೇಕೆಂದೇ ಬಿಟ್ಟಳೋ ಎಂದು ಮನೆಯವರು ಜಗಳವಾಡುವ ಅಧ್ಯಾಯ ಹುಟ್ಟಿದ್ದು ಆ ತಿದ್ದುಪಡಿಯಿಂದ.

ಕಾದಂಬರಿಕಾರರು ಇಂಥ ವಿಷಯಕ್ಕೆ ಕೈಹಾಕಲು ತೆಗೆದುಕೊಳ್ಳುವ ಕಾಲವೂ ಕುತೂಹಲದ್ದು. ಚಾರ್ಲ್ಸ್ ಡಿಕನ್ಸ್‌ಗೆ 12 ವರ್ಷವಾಗಿದ್ದಾಗ, 1824ರಲ್ಲಿ, ಅವನ ಅಪ್ಪ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್‌ಸೀ ಜೈಲು ಸೇರಿದ. ಹುಡುಗನನ್ನು ಬೂಟ್ ಪಾಲಿಶ್ ಕಾರ್ಖಾನೆಗೆ ಕಳಿಸಿದರು. ಡಬ್ಬಿಗಳಿಗೆ ಲೇಬಲ್ ಅಂಟಿಸುವ ಕೆಲಸ. ಇದನ್ನು ಅವನು ದೊಡ್ಡವನಾದ ಮೇಲೂ ಮುಚ್ಚಿಟ್ಟ. ‘ಡೇವಿಡ್ ಕಾಪರ್‌ಫೀಲ್ಡ್’ ಪ್ರಕಟವಾಗತೊಡಗಿದ್ದು 1849ರಲ್ಲಿ. ಅದರಲ್ಲಿ ಆ ದಿನಗಳು ಇವೆ, ಬೂಟ್ ಪಾಲಿಶ್ ಹೋಗಿ ವೈನ್ ಬಾಟಲಿ ಬಂದಿದೆ, ಅಷ್ಟೆ. ಆದರೂ ಅದು ಲೇಖಕನದೇ ಕಥೆ ಎಂದು ಓದುಗರಿಗೆ ಗೊತ್ತಾಗಿದ್ದು ಅವನು 1870ರಲ್ಲಿ ತೀರಿಕೊಂಡ ಮೇಲೆ, ಗೆಳೆಯ ಫಾರ್‌ಸ್ಟರ್ ಬರೆದ ಜೀವನ ಚರಿತ್ರೆಯಿಂದ. ನನಗೆ ಹೆಚ್ಚು ಇಷ್ಟವಾದ ಸಂಗತಿ ಬೇರೆ. ಕಾರ್ಖಾನೆಯಲ್ಲಿ ಅವನಿಗೆ ಹೊಟ್ಟೆ ಪಕ್ಕ ನೋವು ಬಂದಾಗ ಆರೈಕೆ ಮಾಡಿದ ಹುಡುಗನೊಬ್ಬ ಇದ್ದ. ಬಾಬ್ ಫೇಗಿನ್. ಆ ಹೆಸರನ್ನು ಡಿಕನ್ಸ್ ಕೊಟ್ಟಿದ್ದು ಯಾರಿಗೆ? ‘ಆಲಿವರ್ ಟ್ವಿಸ್ಟ್’ನಲ್ಲಿ ಮಕ್ಕಳಿಗೆ ಕಳ್ಳತನ ಕಲಿಸುವ ಮುದುಕನಿಗೆ. ಯಾಕೆ ಎಂದು ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ನನಗಂತೂ ಇಷ್ಟು ಸಮಾಧಾನ: ಬದುಕಿನ ಉಪಕಾರ, ಅಪಕಾರದ ಲೆಕ್ಕ ಕಾದಂಬರಿಯಲ್ಲಿ ಅದೇ ಖಾತೆಗೆ ಜಮಾ ಆಗುವುದಿಲ್ಲ.

ಆರ್. ಕೆ. ನಾರಾಯಣ್ ಅಷ್ಟು ಕಾಯಲಿಲ್ಲ. ಹೆಂಡತಿ ರಾಜಂ 1939ರಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡರು. ‘ದಿ ಇಂಗ್ಲಿಷ್ ಟೀಚರ್’ 1945ರಲ್ಲೇ ಬಂತು. ಕಾಯಿಲೆ, ಸಾವು, ಉಳಿದ ಪುಟ್ಟ ಮಗಳು ಎಲ್ಲ ಹತ್ತಿರದಿಂದಲೇ ತೆಗೆದುಕೊಂಡದ್ದು. ಆದರೆ ಕಥಾನಾಯಕ ಕಾಲೇಜು ಮೇಷ್ಟ್ರು. ನಾರಾಯಣ್ ಮೇಷ್ಟ್ರ ಕೆಲಸಕ್ಕೆ ಸೇರಿ ಬೇಗನೆ ಬಿಟ್ಟು ಬಂದವರು. ಅಷ್ಟು ಹತ್ತಿರದ ದುಃಖವನ್ನು ಬರೆಯುವಾಗಲೂ ತಾನು ಉಳಿಸಿಕೊಳ್ಳದ ಕೆಲಸದಲ್ಲಿ ಒಬ್ಬನನ್ನು ಕೂರಿಸಿದರು. ಹಾಗಾಗಿ ಎಷ್ಟು ವರ್ಷ ಕಾಯಬೇಕು ಅನ್ನುವುದಕ್ಕೆ ನಿಯಮ ಏನೂ ಇಲ್ಲ ಅನ್ನಿಸುತ್ತದೆ. ಕೈಯಳತೆಯ ದೂರ ಬೇಕು. ಅದನ್ನು ಕಾಲವೂ ಕೊಡಬಹುದು, ಇಂಥ ಒಂದು ಬದಲಾವಣೆಯೂ ಕೊಡಬಹುದು.

ಕೊನೆಯ ಕರಡು ಮುಗಿದ ಮೇಲೆ ಅಕ್ಕನಿಗೆ ಓದಲು ಕೊಟ್ಟೆ. ಅಚ್ಚಿಗೆ ಹೋಗುವ ಮೊದಲೇ ಕೊಡಬೇಕು ಎಂದು ತೀರ್ಮಾನ ಮಾಡಿದ್ದೆ. ಇದರಲ್ಲಿ ನನಗೆ ಅನುಮಾನ ಇಲ್ಲ. ಅನುಭವ ನನ್ನೊಬ್ಬನದೇ ಆಗಿರಲಿಲ್ಲವಲ್ಲ. ಒಪ್ಪಿಗೆ ಕೇಳಿದೆನಾ ಅಂದರೆ, ಪೂರ್ತಿ ಹಾಗೂ ಅಲ್ಲ. ಬೇಡ ಅಂದಿದ್ದರೆ ಕಾದಂಬರಿಯನ್ನೇ ಕೈಬಿಡುತ್ತಿದ್ದೆನೋ ಇಲ್ಲವೋ ಹೇಳಲಾರೆ. ಆದರೆ ಇಂಥದ್ದು ತೆಗೆ ಅಂದರೆ ತೆಗೆಯುತ್ತಿದ್ದೆ.

ಅವಳು ಓದಿ ಮುಗಿಸಿ ಫೋನ್ ಮಾಡಿದಳು.

‘ಆ ಅತ್ತಿಗೆ ನಾನೇ ಅಲ್ವೇನೋ?’

‘ಅಲ್ಲ ಅಕ್ಕ. ಅವಳು ಪೂರ್ತಿ ಕಟ್ಟಿದ್ದು.’

‘ಸುಮ್ನಿರು. ಔಷಧಿ ಡಬ್ಬ ಎತ್ತಿ ಕುಕ್ಕೋದು ನಾನೇ. ನಂಗೊತ್ತು.’

ಅತ್ತಿಗೆಯ ಪಾತ್ರ ಕಟ್ಟುವಾಗ ಅಕ್ಕ ನನ್ನ ತಲೆಯಲ್ಲಿ ಇರಲೇ ಇಲ್ಲ, ಆಣೆ ಮಾಡಿ ಹೇಳಬಲ್ಲೆ. ಆದರೆ ನಕ್ಷೆ ಬಿಡಿಸುವ ಹೆಂಗಸಿನ ಮೌನ, ಬೇಕಾದ್ದನ್ನು ಬಾಯಿಬಿಟ್ಟು ಕೇಳದ ಸ್ವಭಾವ, ಅವೆಲ್ಲ ಅಕ್ಕನವು. ಅದು ಅವಳ ಕಣ್ಣಿಗೆ ಬೀಳಲಿಲ್ಲ. ನಾನೂ ಹೇಳಲಿಲ್ಲ. ಬೇರೆ ನೆಂಟರದೂ ಇದೇ ಕಥೆ. ಇಲ್ಲದ ಕಡೆ ತಮ್ಮನ್ನು ಕಂಡುಕೊಂಡು ಮುನಿಸಿಕೊಂಡರು, ಇದ್ದ ಕಡೆ ‘ಯಾರಪ್ಪಾ ಇವರು, ಹೀಗೂ ಇರ್ತಾರಾ’ ಎಂದು ನಕ್ಕರು. ಒಂದು ದೃಷ್ಟಿಯಲ್ಲಿ ಒಳ್ಳೆಯದೇ ಆಯಿತು.

ಪ್ರಕಾಶಕರು ಪುಸ್ತಕದ ಮೊದಲ ಪುಟಗಳಲ್ಲಿ ‘ಇಲ್ಲಿನ ಪಾತ್ರಗಳು ಕಾಲ್ಪನಿಕ’ ಅನ್ನುವ ಸಾಲು ಹಾಕಿದರು. ಸಿನಿಮಾಗಳಲ್ಲಿ ಈ ಸಾಲು ರೂಢಿಗೆ ಬಂದ ಹಿನ್ನೆಲೆ ಸ್ವಾರಸ್ಯವಾಗಿದೆ. 1932ರ ಒಂದು ಹಾಲಿವುಡ್ ಚಿತ್ರದಲ್ಲಿ ತನ್ನನ್ನು ಹೋಲುವ ಪಾತ್ರವಿದೆ, ಅದರಿಂದ ಮಾನ ಹೋಯಿತು ಎಂದು ರಷ್ಯಾದ ರಾಜಮನೆತನದ ಇರೀನಾ ಯೂಸುಪೋವ್ ಲಂಡನ್ನಿನಲ್ಲಿ ಮೊಕದ್ದಮೆ ಹೂಡಿ 1934ರಲ್ಲಿ ಗೆದ್ದಳು. ಸಿನಿಮಾದವರು ಎಚ್ಚೆತ್ತುಕೊಂಡಿದ್ದು ಅದಾದ ಮೇಲೆ. ಹಾಗೆ ನೋಡಿದರೆ ನನ್ನ ಪುಸ್ತಕದ ಆ ಸಾಲು ಅರ್ಧ ನಿಜ, ಅರ್ಧ ಸುಳ್ಳು. ವಕೀಲರಿಗೆ ಸಾಕಾಗುವಷ್ಟು ನಿಜ.

ನಾನು ಎಣಿಸದೇ ಇದ್ದ ಒಂದು ಪರಿಣಾಮ ಇನ್ನೊಂದಿದೆ. ಪುಸ್ತಕ ಬಂದು ಕೆಲವು ಕಾಲದ ಮೇಲೆ, ಮಾತಿನ ನಡುವೆ ಅಕ್ಕನಿಗೆ ಅಂದೆ, ‘ಅಪ್ಪ ಮಂಚ ಕಿಟಕಿ ಹತ್ರ ಹಾಕ್ಸಿದ್ದು ನೆನಪಿದೆಯಾ?’ ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಅಪ್ಪನ ಮಂಚ ಎಂದೂ ಕಿಟಕಿಯ ಹತ್ತಿರ ಇರಲಿಲ್ಲ. ಅದು ಪುಸ್ತಕದ ಮಂಚ. ಆದರೆ ನನಗೆ ಅಪ್ಪ ಅಲ್ಲಿ ಮಲಗಿರುವುದು, ಮುಖದ ಮೇಲೆ ಬೆಳಕು ಬಿದ್ದಿರುವುದು ಎಲ್ಲ ಕಾಣುತ್ತದೆ. ಕೇಂಬ್ರಿಜ್‌ನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ನೆನಪಿನ ಬಗ್ಗೆ ಒಂದು ಪುಸ್ತಕ ಬರೆದ. ಪರಿಚಯವಿಲ್ಲದ ಒಂದು ಜನಪದ ಕಥೆಯನ್ನು ಜನರಿಗೆ ಓದಿಸಿ, ಮತ್ತೆ ಮತ್ತೆ ಅವರಿಂದ ಅದನ್ನು ನೆನಪಿನಿಂದ ಬರೆಸಿದ. ಅರ್ಥವಾಗದ ಭಾಗಗಳನ್ನು ಅವರು ಬಿಟ್ಟರು, ಅಪರಿಚಿತ ವಸ್ತುಗಳ ಜಾಗಕ್ಕೆ ಪರಿಚಿತ ವಸ್ತುಗಳನ್ನು ತಂದರು. ನೆನಪು ಅಂದರೆ ಇಟ್ಟದ್ದನ್ನು ತೆಗೆಯುವುದಲ್ಲ, ಪ್ರತಿ ಸಲವೂ ಕಟ್ಟುವುದು ಅನ್ನುವುದು ಅವನ ವಾದ. ಕಾದಂಬರಿಕಾರ ಒಂದೇ ದೃಶ್ಯವನ್ನು ಎಷ್ಟು ಸಲ ಕಟ್ಟುತ್ತಾನೆ ಯೋಚಿಸಿ. ಪ್ರತಿ ಕರಡಿನಲ್ಲೂ ಇನ್ನಷ್ಟು ಚೆನ್ನಾಗಿ ಕಟ್ಟುತ್ತಾನೆ. ಕೊನೆಗೆ ಹಳೆಯದು ಎಲ್ಲಿ ನಿಲ್ಲಬೇಕು?

ಈಗ ಎರಡನೆಯ ಕಾದಂಬರಿಯ ಕೆಲಸ ನಡೆದಿದೆ. ಇದು ಕಚೇರಿಯೊಂದರ ಕಥೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಜೊತೆ ನಾವೆಲ್ಲರೂ ಒಟ್ಟಾಗಿ ಮಾತು ಬಿಟ್ಟಿದ್ದೆವು. ಯಾಕೆ ಶುರುವಾಯಿತು ಅನ್ನುವುದು ಈಗ ಯಾರಿಗೂ ಸರಿಯಾಗಿ ನೆನಪಿಲ್ಲ. ಈ ಸಲ ಕ್ರಮ ಬದಲಿಸಿದ್ದೇನೆ. ಕಾದಂಬರಿ ಮುಟ್ಟುವ ಮೊದಲು ನಡೆದದ್ದನ್ನೆಲ್ಲ ಒಂದು ಬೇರೆ ಪುಸ್ತಕದಲ್ಲಿ ಒಣ ಭಾಷೆಯಲ್ಲಿ ಬರೆದಿಟ್ಟೆ. ಯಾರು ಎಲ್ಲಿ ಕೂರುತ್ತಿದ್ದರು, ಯಾರು ಮೊದಲು ಮುಖ ತಿರುಗಿಸಿದರು, ನಾನು ಏನು ಮಾಡಿದೆ. ಇದರಲ್ಲಿ ಹೋಲಿಕೆ ಇಲ್ಲ, ಸಂಭಾಷಣೆ ಇಲ್ಲ. ಅಪ್ಪನ ಬಗ್ಗೆಯೂ ಹಾಗೇ ಬರೆಯಲು ಕೂತಿದ್ದೇನೆ, ತಡವಾಗಿಯಾದರೂ ಸರಿ. ಮಾತ್ರೆಯ ಲೆಕ್ಕದ ಆ ನೋಟ್‌ಬುಕ್ ಇದೆ, ಅಕ್ಕ ಇದ್ದಾಳೆ. ಬರೆದದ್ದನ್ನು ಅವಳಿಗೆ ಕಳಿಸುತ್ತೇನೆ, ಅವಳು ತಿದ್ದಿ ಕಳಿಸುತ್ತಾಳೆ. ಕೆಲವು ಕಡೆ ನಮ್ಮಿಬ್ಬರಿಗೂ ಹೊಂದುವುದಿಲ್ಲ. ಅಲ್ಲಿ ಎರಡನ್ನೂ ಬರೆದು, ಯಾರದು ಯಾವುದು ಎಂದು ಪಕ್ಕದಲ್ಲಿ ಹೆಸರು ಹಾಕಿದ್ದೇವೆ. ಕಚೇರಿಯ ಕಥೆಯಲ್ಲಿ ಮಾತ್ರ ಬಾಗಿಲ ಬಳಿ ಯಾರನ್ನು ನಿಲ್ಲಿಸಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಒಬ್ಬ ಹೊಸ ಗುಮಾಸ್ತನನ್ನು ತಂದು ನೋಡುತ್ತಿದ್ದೇನೆ.